ಲಿಪಿಕಾರನ ಧರ್ಮ

ನಾಗಮಂಗಲದ ತಾಮ್ರಶಾಸನವೆಂದು ವಿದ್ವಾಂಸರಲ್ಲಿ ಪ್ರಸಿದ್ಧವಾದ ದತ್ತಿಪತ್ರವೊಂದುಂಟು. ಗಂಗರ ಅರಸನಾದ ಶ್ರೀಪುರುಷನು ತನ್ನ ಆಳ್ವಿಕೆಯ 50ನೆಯ ವರ್ಷದಲ್ಲಿ, ಎಂದರೆ ಶಕ 698ರಲ್ಲಿ (ಕ್ರಿ. ಶ. 776-77), ಶ್ರೀಪುರದ ಜಿನಾಲಯಕ್ಕೆ ಕೊಟ್ಟ ದಾನದ ಲೇಖವದು. ಅದರ ಮೇಲೆ ಕೆತ್ತಿದ ಅಕ್ಷರಗಳನ್ನು ಇಂದು ನಾಗಮಂಗಲದ ಪೇಟೆಯಲ್ಲಿ ಓದಬಲ್ಲವರು ಸಿಕ್ಕುವುದು ದುರ್ಲಭ. ಆದರೂ ಅದರ ಮಾತು ನಷ್ಟವಾಗಿಲ್ಲ. ಬಿ. ಎಲ್. ರೈಸ್ ಅವರು ಈ ತಾಲ್ಲೂಕಿನ ಶಾಸನಗಳನ್ನು 1898ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 4ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದಾಗ, ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು, ಇಂಗ್ಲಿಷ್ ಅನುವಾದವನ್ನು ಬೇರೆಯಾಗಿಯೇ ಇಟ್ಟರು. ಅನುವಾದದಲ್ಲಿ ಸಂಶಯ ಬಂದವನು ಪಾಠಕ್ಕೆ ಹೋಗಬಹುದು. ಪಾಠದಲ್ಲಿ ಸಂಶಯ ಬಂದವನು ತಾಮ್ರಕ್ಕೇ ಹೋಗಬಹುದು. ದಾರಿಯನ್ನು ಎಲ್ಲಿಯೂ ಮುಚ್ಚಿಲ್ಲ.

ಬರಹವು ಒಂದು ಆಧಾರದಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ನಡುವೆ ಒಬ್ಬ ಮನುಷ್ಯನು ನಿಂತಿರುತ್ತಾನೆ. ಅವನು ಬರೆದವನೂ ಅಲ್ಲ, ಬರಹದಿಂದ ಪ್ರಯೋಜನ ಪಡೆಯತಕ್ಕವನೂ ಅಲ್ಲ. ಅವನು ಎಡವಿದರೆ ಬರೆದವನು ಬಂದು ತಿದ್ದಲಾರನು. ಓದುವವನಿಗೆ ಎಡವಿದ್ದೇ ತಿಳಿಯದು. ಇಂಥವನು ಮೂಲದಲ್ಲಿ ತಪ್ಪೊಂದನ್ನು ಕಂಡರೆ ತಿದ್ದಬೇಕೆ, ಇದ್ದದ್ದನ್ನು ಇದ್ದಂತೆಯೇ ಇಳಿಸಬೇಕೆ? ಅವನ ನಿಷ್ಠೆ ಸಲ್ಲಬೇಕಾದುದು ಅಕ್ಷರಕ್ಕೋ, ಬರೆದವನ ಅಭಿಪ್ರಾಯಕ್ಕೋ, ಬರಹವನ್ನು ನಂಬಿ ಬದುಕುವವರಿಗೋ? ಓಲೆಗರಿಯ ಕಾಲದ ಈ ಪ್ರಶ್ನೆ ಇಂದು ಕಂಪ್ಯೂಟರಿನ ಕೆಲಸದಲ್ಲಿ ಮತ್ತೆ ಎದುರಾಗಿ ನಿಂತಿದೆ. ಹಳೆಯ ಡೇಟಾಬೇಸ್ ಲೈಬ್ರರಿಯೊಂದನ್ನು ಹೊಸ ಕಂಪೈಲರಿಗೆ ಒಗ್ಗಿಸುವ ಕೆಲಸವನ್ನು ನೋಡಿದರೆ ಅದು ಚೆನ್ನಾಗಿ ವಿಶದವಾಗುತ್ತದೆ.

ಹೆಸರು, ಲೆಕ್ಕ, ವಿಳಾಸ ಮೊದಲಾದುವನ್ನು ಕ್ರಮವಾಗಿ ಇಟ್ಟುಕೊಂಡು ಕೇಳಿದಾಗ ಹುಡುಕಿಕೊಡುವ ವ್ಯವಸ್ಥೆಗೆ ಡೇಟಾಬೇಸ್ ಎಂದು ಹೆಸರು. ದೊಡ್ಡ ಕಚೇರಿಗಳಲ್ಲಿ ಇದು ಪ್ರತ್ಯೇಕ ಯಂತ್ರದಲ್ಲಿ ನೆಲೆಸಿರುತ್ತದೆ. ಮನೆಯ ಗೋಡೆಯಲ್ಲಿಯೇ ಬಿಟ್ಟ ಗೂಡಿನ ಹಾಗೆ, ಇನ್ನೊಂದು ಪ್ರೋಗ್ರಾಮಿನೊಳಗೆ ಅಡಕವಾಗಿರತಕ್ಕ ಚಿಕ್ಕ ಬಗೆಯೂ ಉಂಟು. ಹಲವು ಪ್ರೋಗ್ರಾಮುಗಳು ಎರವಲಾಗಿ ಪಡೆದು ಬಳಸುವ ಇಂಥ ಸಿದ್ಧಭಾಗವನ್ನು ಲೈಬ್ರರಿ ಎನ್ನುತ್ತಾರೆ. 1979ರಲ್ಲಿ ಯೂನಿಕ್ಸ್ ವ್ಯವಸ್ಥೆಗಾಗಿ ಕೆನ್ ಥಾಮ್ಸನ್ ಅವರು ಬರೆದ ಡಿಬಿಎಂ ಈ ಕುಲದ ಹಿರಿಯರಲ್ಲೊಂದು; 2000ದಲ್ಲಿ ಹೊರಬಂದ ಎಸ್‌ಕ್ಯೂಲೈಟ್ ಇಂದು ಜನರ ಕೈಯಲ್ಲಿರುವ ಫೋನುಗಳೊಳಗೆ ಕುಳಿತಿದೆ. ಇವನ್ನು ಬರೆದವರು ಒಂದು ಕಾಲದ ಯಂತ್ರವನ್ನು ಕಣ್ಣ ಮುಂದಿಟ್ಟುಕೊಂಡು ಬರೆದರು. ಯಂತ್ರ ಹೋಗುತ್ತದೆ, ದಾಖಲೆ ಉಳಿಯುತ್ತದೆ, ದಾಖಲೆಗಾಗಿ ಲೈಬ್ರರಿಯನ್ನು ಹೊಸ ಯಂತ್ರಕ್ಕೆ ದಾಟಿಸಬೇಕಾಗುತ್ತದೆ.

ದಾಟಿಸುವಾಗ ನಡುವೆ ಬರುವುದು ಕಂಪೈಲರು. ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರವು ಪಾಲಿಸತಕ್ಕ ಆಜ್ಞೆಗಳನ್ನಾಗಿ ಮಾರ್ಪಡಿಸುವ ಸಾಧನವದು. ನಾಗಮಂಗಲವು ಲೋಹದ ವಿಗ್ರಹಗಳಿಗೆ ಹೆಸರಾದ ಊರಾದ್ದರಿಂದ ಇಲ್ಲಿಯ ವಾಚಕರಿಗೆ ಎರಕದ ಉಪಮಾನದಿಂದ ಇದು ಸುಲಭವಾಗಿ ತಿಳಿದೀತು. ಮೇಣದಲ್ಲಿ ರೂಪವನ್ನು ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ಉಳಿದ ಪೊಳ್ಳಿಗೆ ಲೋಹವನ್ನು ಹೊಯ್ಯುವ ಈ ಕ್ರಮವನ್ನು ಚಾಳುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 12ನೆಯ ಶತಮಾನದಲ್ಲಿಯೇ ವಿವರಿಸಿದೆ. ಬರೆದ ಪ್ರೋಗ್ರಾಮು ಮೇಣದ ರೂಪ, ಯಂತ್ರದ ಆಜ್ಞೆಗಳು ಲೋಹ, ಕಂಪೈಲರು ಎರಕದವನು. ಒಂದೇ ಮೇಣದ ರೂಪವನ್ನು ಇಬ್ಬರಿಗೆ ಕೊಟ್ಟರೆ, ರೂಪದಲ್ಲಿ ಸ್ಪಷ್ಟವಾಗಿ ತೋರಿಸಿದ್ದನ್ನು ಇಬ್ಬರೂ ಒಂದೇ ಬಗೆಯಾಗಿ ಎರೆಯುವರು. ರೂಪವು ಏನನ್ನೂ ಹೇಳದೆ ಬಿಟ್ಟ ಕಡೆ ಒಬ್ಬೊಬ್ಬನು ತನ್ನ ತನ್ನ ಪದ್ಧತಿಯಂತೆ ತುಂಬಿಕೊಳ್ಳುವನು.

ಇಂಥ ಹೇಳದೆ ಬಿಟ್ಟ ಎಡೆಗಳು ಸಿ ಎಂಬ ಪ್ರೋಗ್ರಾಮಿನ ಭಾಷೆಯಲ್ಲಿ ಹಲವು. ಅವುಗಳಲ್ಲಿ ಒಂದು ಕನ್ನಡಿಗರಿಗೆ ವಿಶೇಷವಾಗಿ ತಾಗುವಂಥದು. ಕಂಪ್ಯೂಟರು ಅಕ್ಷರವನ್ನು ಅಂಕಿಯಾಗಿ ಇಟ್ಟುಕೊಳ್ಳುತ್ತದೆ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಗೊತ್ತುಮಾಡಿದ ಇಸ್ಕಿ ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳೂ ಅಂಕೆಗಳೂ ತೆರಪೂ 127ರ ಒಳಗೆ ಇರುವುವು. ಭಾರತೀಯ ಭಾಷೆಗಳ ಅಕ್ಷರಗಳು 160ರ ಮೇಲೆ ಬರುವುವು. ‘ಕ’ಕಾರದ ಅಂಕಿ 179. ಈ ಅಂಕಿಯನ್ನು 179 ಎಂದೇ ಓದಬೇಕೋ, 256ನ್ನು ಕಳೆದು ಋಣ 77 ಎಂದು ಓದಬೇಕೋ ಎಂಬುದನ್ನು ಸಿ ಭಾಷೆಯು ಕಂಪೈಲರ್ ಮಾಡುವವರ ಇಚ್ಛೆಗೆ ಬಿಟ್ಟಿದೆ. 1978ರಲ್ಲಿ ಆ ಭಾಷೆಯ ಕರ್ತೃಗಳು ಬರೆದ ಪುಸ್ತಕದಲ್ಲಿಯೂ, 1989ರ ಅದರ ಮಾನಕದಲ್ಲಿಯೂ ಈ ಮಾತು ಬಾಯಿಬಿಟ್ಟು ಹೇಳಿದೆ. ಇಂಟೆಲ್ ಜಾತಿಯ ಯಂತ್ರಗಳ ಕಂಪೈಲರುಗಳು ಸಾಮಾನ್ಯವಾಗಿ ಋಣದ ಪಕ್ಷ. ಆರ್ಮ್ ಯಂತ್ರಗಳಲ್ಲಿ ಲಿನಕ್ಸ್ ವ್ಯವಸ್ಥೆಯ ಕಂಪೈಲರುಗಳು ಧನದ ಪಕ್ಷ. ಇಂಗ್ಲಿಷಿನಲ್ಲಿ ಮಾತ್ರ ಬರೆಯುವವನಿಗೆ ಈ ಭೇದವು ಜನ್ಮದಲ್ಲಿ ಕಾಣಿಸದೆ ಹೋಗಬಹುದು.

ಈಗ ಒಂದು ಸಹಕಾರ ಸಂಘದ ಸದಸ್ಯರ ಪುಸ್ತಕವು ಇಂಥ ಹಳೆಯ ಲೈಬ್ರರಿಯಲ್ಲಿ, ಋಣದ ಪಕ್ಷದ ಯಂತ್ರದಲ್ಲಿ ಇದ್ದಿತೆಂದು ಭಾವಿಸೋಣ. ಹೆಸರಿಗೆ ಗೊತ್ತಾದ ಅಗಲದ ಮನೆಯುಂಟು. ಹೆಸರು ಚಿಕ್ಕದಾದರೆ ಉಳಿದ ಜಾಗವನ್ನು ತೆರಪಿನಿಂದ ತುಂಬುವರು. ತೆರಪಿನ ಅಂಕಿ 32. ‘ಕೆಂಪ’ ಎಂಬ ಹೆಸರಿನ ಮುಂದೆ ತೆರಪು ಬರುತ್ತದೆ. ‘ಕೆಂಪಮ್ಮ’ ಎಂಬಲ್ಲಿ ಅದೇ ಸ್ಥಾನದಲ್ಲಿ ‘ಮ’ಕಾರ, ಅದರ ಅಂಕಿ 204. ಧನದ ಪಕ್ಷದಲ್ಲಿ 204ಕ್ಕಿಂತ 32 ಚಿಕ್ಕದಾದ್ದರಿಂದ, ನಿಘಂಟಿನಲ್ಲಿ ಇರುವಂತೆಯೇ, ಕೆಂಪ ಮೊದಲು, ಕೆಂಪಮ್ಮ ಆಮೇಲೆ. ಋಣದ ಪಕ್ಷದಲ್ಲಿ 204 ಎಂಬುದು ಋಣ 52 ಆಗಿ, ಕೆಂಪಮ್ಮ ಮೊದಲಾಗಿ ಕೆಂಪ ಹಿಂದಾಗುತ್ತಾನೆ. ಹಳೆಯ ಪುಸ್ತಕವು ಈ ತಲೆಕೆಳಗಾದ ಕ್ರಮದಲ್ಲಿಯೇ ವರ್ಷಗಟ್ಟಲೆ ನಡೆದುಬಂದಿದೆ. ಜೋಡಿಸಿದವನೂ ಹುಡುಕುವವನೂ ಒಂದೇ ತಪ್ಪನ್ನು ಮಾಡುತ್ತಿದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಹೊಸ ಕಂಪೈಲರು ಬಂದಿತು. ಲೈಬ್ರರಿಯ ಒಂದಕ್ಷರವನ್ನೂ ಬದಲಾಯಿಸದೆ ದಾಟಿಸಿದರು. ದೋಷಸೂಚನೆಯೊಂದೂ ಬರಲಿಲ್ಲ. ಕಂಪ್ಯೂಟರು ಹುಡುಕುವುದು ನಾವು ನಿಘಂಟನ್ನು ತೆರೆಯುವ ಹಾಗೆ: ನಡುವೆ ಎಲ್ಲಿಯೋ ತೆಗೆದು, ಬೇಕಾದ ಹೆಸರು ಹಿಂದೆಯೋ ಮುಂದೆಯೋ ಎಂದು ನೋಡಿ, ಆ ಕಡೆಗೆ ಸರಿಯುತ್ತದೆ. ಕೆಂಪನನ್ನು ಹುಡುಕುತ್ತ ಅದು ಕೆಂಪಮ್ಮನಲ್ಲಿಗೆ ಬಂದಿತೆನ್ನೋಣ. ಹೊಸ ನಿಯಮದ ಪ್ರಕಾರ ಕೆಂಪನು ಹಿಂದಿನ ಪುಟಗಳಲ್ಲಿರಬೇಕು, ಹಿಂದಕ್ಕೆ ಹೋಯಿತು, ಕಾಣಲಿಲ್ಲ. ಕೆಂಪನಾದರೋ ಮುಂದಿನ ಸಾಲಿನಲ್ಲಿಯೇ ಇದ್ದಾನೆ. ಯಂತ್ರವು ಯಾವ ಸಂಕೋಚವೂ ಇಲ್ಲದೆ ಉತ್ತರ ಕೊಟ್ಟಿತು: ಇಲ್ಲ. ಕಿಟಕಿಯ ಹೊರಗೆ ನಿಂತ ರೈತನಿಗೆ ಗುಮಾಸ್ತನು ಅದನ್ನೇ ಓದಿ ಹೇಳುತ್ತಾನೆ: “ನಿಮ್ಮ ಹೆಸರು ಇಲ್ಲವಲ್ಲ, ಯಜಮಾನರೆ.” ಗುಮಾಸ್ತನು ಸುಳ್ಳು ಹೇಳಲಿಲ್ಲ. ಯಂತ್ರಕ್ಕೆ ಸುಳ್ಳಿನ ಸಂಕಲ್ಪವೇ ಇಲ್ಲ. ಆದರೂ ಆ ಕಿಟಕಿಯಲ್ಲಿ ಅಸತ್ಯವೊಂದು ನಡೆದುಹೋಯಿತು.

ಇದು ಬರಿಯ ಕಲ್ಪನೆಯ ಭಯವೆಂದು ತಿಳಿಯತಕ್ಕದ್ದಲ್ಲ. ಲೋಕಪ್ರಸಿದ್ಧವಾದ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಒಂದು ಬಗೆಯ ಪದಸೂಚಿಯು ಇದೇ ಧನಋಣಗಳ ಭೇದದಿಂದ ಒಂದು ಯಂತ್ರದಲ್ಲಿ ಒಂದು ಕ್ರಮವನ್ನೂ ಇನ್ನೊಂದರಲ್ಲಿ ಬೇರೆ ಕ್ರಮವನ್ನೂ ಹಿಡಿಯುತ್ತಿದ್ದಿತು.

ಇಲ್ಲಿ ಹೊಣೆ ಯಾರದು? ಕಂಪೈಲರಿನದೆನ್ನಲಾಗದು, ಅದು ಬರೆದಿಟ್ಟ ವಿಧಿಯನ್ನು ಮೀರಿಲ್ಲ. ಮೊದಲು ಬರೆದವನದೆಂದರೆ, ಅವನು ತನ್ನ ಕಾಲದ ಯಂತ್ರದ ವಾಡಿಕೆಯನ್ನು ವಿಧಿಯೆಂದು ನಂಬಿದನು. ವಾಡಿಕೆಯೊಳಗೆ ಬದುಕುವವನಿಗೆ ಅದು ವಾಡಿಕೆಯೆಂದು ತೋರುವುದು ಕಷ್ಟ. ಊರ ಶಾನುಭೋಗನ ಕಡತದಲ್ಲಿ ಒಂದು ಗುರುತಿಗೆ ಇಂಥ ಅರ್ಥವೆಂಬುದು ಅವನಿಗೂ ಅವನ ಮಗನಿಗೂ ಗೊತ್ತಿದ್ದರೆ ಸಾಕಾಗಿದ್ದಿತು. ಹೊರಗಿನವನು ಬಂದಾಗಲೇ ಅದು ಬರೆಯದೆ ಉಳಿದ ಮಾತೆಂದು ಬಯಲಾಗುವುದು. ಬರೆಯದೆ ಉಳಿದ ಮಾತನ್ನು ಮೊದಲು ಕಾಣತಕ್ಕವನು ದಾಟಿಸುವವನು. ಎರಡು ದಡಗಳನ್ನೂ ಬಲ್ಲವನು ಅವನೊಬ್ಬನೇ. ಆದುದರಿಂದ ತಪ್ಪು ಅವನದಲ್ಲದಿದ್ದರೂ ಹೊಣೆ ಅವನಿಗೆ ಬರುತ್ತದೆ.

ಅವನು ಮಾಡಬೇಕಾದುದೇನೆಂಬಲ್ಲಿ ಎರಡು ಮತಗಳುಂಟು. ಮೂಲವನ್ನು ಮುಟ್ಟಬಾರದು, ತಪ್ಪೂ ಸಹ ಮೂಲದ ಭಾಗವೇ, ಎನ್ನುವರು ಕೆಲವರು. ಈ ಮತದಲ್ಲಿ ವಿನಯವುಂಟು. ಆದರೆ ಮೇಲಿನ ನಿದರ್ಶನದಲ್ಲಿ ಒಂದಕ್ಷರವನ್ನೂ ಮುಟ್ಟದೆ ದಾಟಿಸಿದ್ದರಿಂದಲೇ ಕೆಂಪನು ಕಳೆದುಹೋದನು. ಅಕ್ಷರವನ್ನು ಕಾಪಾಡಿದ ಮಾತ್ರಕ್ಕೆ ಅರ್ಥವು ಉಳಿಯುವುದಿಲ್ಲ. ಇದಕ್ಕೆ ಮೈಸೂರಿನಲ್ಲಿ ಒಳ್ಳೆಯ ಪ್ರತಿದೃಷ್ಟಾಂತವುಂಟು: ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗ್ರಂಥಲಿಪಿಯ ಓಲೆಪ್ರತಿಯಿಂದ ಎತ್ತಿ 1909ರಲ್ಲಿ ನಾಗರಿಯಲ್ಲಿ ಅಚ್ಚು ಮಾಡಿಸಿದಾಗ ಓಲೆಯ ಅಕ್ಷರಗಳೆಲ್ಲ ಬೇರೆಯಾದುವು. ಗ್ರಂಥವು ಉಳಿದು ಲೋಕಕ್ಕೆ ದೊರಕಿತು.

ಮತ್ತೆ ಕೆಲವರು, ಕಂಡ ತಪ್ಪನ್ನು ಒಡನೆಯೇ ತಿದ್ದಿಬಿಡಬೇಕು, ತಪ್ಪನ್ನು ಹೊತ್ತು ತಿರುಗುವುದು ಮೂಢತನ, ಎನ್ನುವರು. ಇದರಲ್ಲಿಯೂ ನ್ಯಾಯವುಂಟು, ನಿಘಂಟಿನ ಕ್ರಮವೇ ಸರಿಯೆಂಬುದರಲ್ಲಿ ವಿವಾದವಿಲ್ಲ. ಆದರೆ ಇವರು ಲೈಬ್ರರಿಯನ್ನು ಮಾತ್ರ ನೋಡುತ್ತಾರೆ, ಆ ಲೈಬ್ರರಿ ಬರೆದಿಟ್ಟ ಪುಸ್ತಕಗಳನ್ನು ನೋಡುವುದಿಲ್ಲ. ಲೈಬ್ರರಿಯೊಂದೇ, ಅದು ಬರೆದ ಪುಸ್ತಕಗಳು ಯಾವ ಯಾವ ಊರಿನ ಯಾವ ಪೆಟ್ಟಿಗೆಯಲ್ಲಿವೆಯೋ ತಿದ್ದುವವನಿಗೆ ತಿಳಿಯದು. ಸರಿಯಾದ ನಿಯಮದಿಂದ ತಪ್ಪು ಕ್ರಮದ ಪುಸ್ತಕವನ್ನು ಓದಿದರೆ ಆಗುವ ಅನರ್ಥವನ್ನು ಮೇಲೆ ಕಂಡುದಾಯಿತಷ್ಟೆ.

ಎರಡು ಮತಗಳೂ ಒಂದನ್ನು ಮರೆತಿವೆ. ದಾಟಿಸುವವನು ಋಣಿಯಾಗಿರುವುದು ಅಕ್ಷರಕ್ಕೂ ಅಲ್ಲ, ತನ್ನ ವಿವೇಕಕ್ಕೂ ಅಲ್ಲ. ಹೆಸರನ್ನು ಬರೆಸಿ ಮನೆಗೆ ಹೋದವನಿಗೆ. ಅವನಿಗೆ ಕಂಪೈಲರು ಯಾವುದಾದರೇನು? ಬರೆಸಿದ್ದು ಕೇಳಿದಾಗ ಸಿಕ್ಕಬೇಕೆಂಬುದೊಂದೇ ಅವನ ನಂಬಿಕೆ. ಈ ಋಣವನ್ನು ಮುಂದಿಟ್ಟುಕೊಂಡರೆ ದಾರಿ ತಾನಾಗಿ ಕಾಣುತ್ತದೆ. ಹೊಸ ಪುಸ್ತಕಗಳನ್ನು ಸರಿಯಾದ ಕ್ರಮದಲ್ಲಿ ಬರೆಯಬಹುದು. ಹಳೆಯ ಪುಸ್ತಕವನ್ನು ಅದು ಬರೆಯಲ್ಪಟ್ಟ ಕ್ರಮದಲ್ಲಿಯೇ ಓದಬೇಕು. ಯಾವ ಪುಸ್ತಕವು ಯಾವ ಕ್ರಮದ್ದೆಂಬುದನ್ನು ಅದರ ಮೊದಲ ಪುಟದಲ್ಲಿಯೇ ಬರೆದಿಡಬೇಕು. ಪೋಸ್ಟ್‌ಗ್ರೆಸ್ಸಿನವರು ಹಿಡಿದ ದಾರಿಯೂ ಇದೇ: 2025ರಲ್ಲಿ ಹೊರಬಂದ 18ನೆಯ ಆವೃತ್ತಿಯಿಂದ, ದತ್ತಗಳು ಯಾವ ಪಕ್ಷದ ಯಂತ್ರದಲ್ಲಿ ಹುಟ್ಟಿದುವೆಂಬ ಗುರುತನ್ನು ಅವುಗಳ ಜೊತೆಯಲ್ಲಿಯೇ ಇಡುತ್ತಾರೆ. ಹಳೆಯದನ್ನು ಹೊಸ ಕ್ರಮಕ್ಕೆ ತಿರುಗಿಸಲೇಬೇಕಾದರೆ, ಹಳೆಯ ಯಂತ್ರದಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೆಸರುಗಳನ್ನೂ ಓದಿಸಿ, ಹೊಸದರಲ್ಲಿ ಒಂದೊಂದನ್ನೂ ಹುಡುಕಿಸಿ, ಎಣಿಕೆ ಸರಿಹೋದ ಮೇಲೆಯೇ ಮುಂದುವರಿಯಬೇಕು; ಹಳೆಯ ಪ್ರತಿಯನ್ನು ಕೆಡಿಸದೆ ಇಡಬೇಕು. ಒಬ್ಬನು ಓದುತ್ತಿರಲು ಇನ್ನೊಬ್ಬನು ನಕಲಿನ ಮೇಲೆ ಬೆರಳಿಟ್ಟು ನೋಡುತ್ತಿದ್ದ ಹಳೆಯ ಲಿಪಿಕಾರರ ಪದ್ಧತಿಯೂ ಇದೇ ಅಲ್ಲವೆ?

ಗುರುತಿಲ್ಲದ ಪುಸ್ತಕವು ಎದುರಾದರೆ? ಆಗ ಲೈಬ್ರರಿಯು ‘ಇದನ್ನು ಓದಲಾರೆ’ ಎನ್ನಬೇಕೇ ಹೊರತು ‘ಇಲ್ಲ’ ಎನ್ನಕೂಡದು. ಈ ಎರಡು ಉತ್ತರಗಳ ಭೇದದಲ್ಲಿ ಈ ವೃತ್ತಿಯ ಧರ್ಮವೆಲ್ಲ ಅಡಗಿದೆ. ಓದಲಾರೆನೆಂಬುದು ಓದುವವನ ಕೊರತೆ. ಅದನ್ನು ಕೇಳಿದವನು ಬೇರೊಬ್ಬ ಓದುವವನನ್ನು ಹುಡುಕಿಯಾನು. ಇಲ್ಲವೆಂಬುದು ಎದುರಿನವನ ಮೇಲೆ ಹೊರಿಸಿದ ಕೊರತೆ. ಅದನ್ನು ಕೇಳಿದವನಿಗೆ ಮುಂದೆ ದಾರಿಯಿಲ್ಲ. ತನ್ನ ಅಸಾಮರ್ಥ್ಯವನ್ನು ಇನ್ನೊಬ್ಬನ ಅಭಾವವಾಗಿ ತಿರುಗಿಸುವುದು ಮನುಷ್ಯರಲ್ಲಿಯೂ ಅಪರೂಪದ ದೋಷವೇನಲ್ಲ. ಯಂತ್ರದ ಬಾಯಲ್ಲಿ ಬಂದಾಗ ಅದಕ್ಕೆ ಪ್ರಮಾಣದ ಗೌರವವೂ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಎಚ್ಚರಕ್ಕೆ ಪುರಸತ್ತೆಲ್ಲಿ, ಒಂದೆರಡು ಹೆಸರು ತಪ್ಪಿದರೆ ಅವರೇ ಬಂದು ತಿದ್ದಿಸಿಕೊಳ್ಳಲಿ, ಎಂಬ ಆಕ್ಷೇಪಣೆ ಉಳಿದಿದೆ. ಹಳೆಯ ಕಡತವು ಪಕ್ಕದಲ್ಲಿಯೇ ಇದ್ದು ಅದಕ್ಕೂ ಬೆಲೆಯಿದ್ದ ಕಾಲದಲ್ಲಿ ಈ ಮಾತು ಸ್ವಲ್ಪಮಟ್ಟಿಗೆ ಸಲ್ಲುತ್ತಿದ್ದಿತು. ಆದರೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯ ಮೂಲಕ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದುವು. ಮೊದಲು ಪ್ರಯೋಗ ನಡೆದ ತಾಲ್ಲೂಕುಗಳಲ್ಲಿ ನಾಗಮಂಗಲದ ನೆರೆಯದಾದ ಮದ್ದೂರೂ ಒಂದು. ಕಂಪ್ಯೂಟರಿನ ಪಹಣಿ ಬಂದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಅದರಿಂದ ರೈತರಿಗೆ ಅನುಕೂಲವಾದುದು ಲೋಕವಿದಿತ. ಅದರೊಡನೆ ಇದನ್ನೂ ನೆನೆಯಬೇಕು: ಹಳೆಯದರ ಮಾನ್ಯತೆ ನಿಂತ ದಿನದಿಂದ ಹೊಸದು ನಕಲಾಗಿ ಉಳಿಯುವುದಿಲ್ಲ, ಅದೇ ಮೂಲವಾಗುತ್ತದೆ. ಆಮೇಲೆ ತಪ್ಪನ್ನು ಸಾಧಿಸಬೇಕಾದ ಭಾರವೆಲ್ಲ ಕಿಟಕಿಯ ಹೊರಗೆ ನಿಂತವನ ಮೇಲೆ ಬೀಳುತ್ತದೆ. ದಾಟಿಸುವವನಿಗೆ ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಪರೀಕ್ಷೆಗೆ ಬದಲಾಗಿ ಅವನು ಎಷ್ಟು ಸಲ ಬಸ್ಸು ಹತ್ತಬೇಕಾದೀತೋ ಹೇಳಲಾಗದು.

ದತ್ತಿಶಾಸನಗಳ ಕೊನೆಯಲ್ಲಿ, ಕೊಟ್ಟ ದಾನವನ್ನು ಅಪಹರಿಸಿದವನಿಗೆ ಇಂಥ ಇಂಥ ಪಾಪ ಬರುವುದೆಂದು ಬರೆಯುವ ವಾಡಿಕೆಯುಂಟು. ಆ ಕಾಲದವರು ಅಪಹಾರವೆಂದರೆ ಅರಸನ ಲೋಭವನ್ನೋ ನೆರೆಯವನ ಬಲಾತ್ಕಾರವನ್ನೋ ನೆನೆದರು. ಲೋಭವೂ ಬಲಾತ್ಕಾರವೂ ಇಲ್ಲದೆ, ಯಾರ ಮನಸ್ಸಿನಲ್ಲಿಯೂ ಕೇಡಿಲ್ಲದೆ, ಬರಹವು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುವಾಗಲೇ ಒಬ್ಬನ ಸ್ವತ್ತು ಕಾಣೆಯಾಗಬಹುದೆಂಬುದು ಅವರಿಗೆ ಹೊಳೆದಿರಲಾರದು. ಇಂದಿನ ಲಿಪಿಕಾರನಿಗೆ ಅದು ಹೊಳೆಯಬೇಕು. ಅವನಿಗೆ ಶಾಪವನ್ನು ಬರೆದಿಡುವವರು ಯಾರೂ ಇಲ್ಲ. ಆ ಸ್ಥಳದಲ್ಲಿ ಅವನು ತನ್ನ ಎಚ್ಚರವನ್ನೇ ಇಟ್ಟುಕೊಳ್ಳಬೇಕಾಗಿದೆ.