ಹಲಗಿ ಬಿಡಬೇಕೋ, ಹುಕುಂ ಬಿಡಬೇಕೋ?

ಘಾಟಬೋರಾಳದ ನಮ್ಮ ಕೇರಿಯ ಕಾಕಾ ಹಲಗಿಯಿಂದ ಶುರು ಮಾಡಿದ. ಚರ್ಮ ಬೆಂಕಿಗೆ ಕಾಸಿ ಬಿಗಿ ಮಾಡಿ ಊರ ಹೆಣದ ಮುಂದೆ, ದೇವರ ಮುಂದೆ, ಮೊಹರಂ ಅಲಾಯಿ ಸುತ್ತ ಬಾರಿಸಿದ. ಅದನ್ನ ಯಾರೂ ಕಲೆ ಅನ್ನಲಿಲ್ಲ. ಅದು ಬಿಟ್ಟಿ ಚಾಕರಿ. ಸಿಕ್ಕದ್ದು ಮ್ಯಾಲಿಂದ ಹಾಕಿದ ರೊಟ್ಟಿ.

ಮುಂದೆ ಹುಮನಾಬಾದಿನ ಬ್ಯಾಂಡ್ ಪಾರ್ಟಿ ಸೇರಿದ. ಕೆಂಪು ಕೋಟು, ಕೊರಳಿಗೆ ಡ್ರಮ್ಮು. ಮದುವೆ ಸೀಜನ್ನಿನಾಗ ರೊಕ್ಕ, ಮಳೆಗಾಲದಾಗ ಹೊಲದ ಕೂಲಿ. ಒಂದು ಪಾರ್ಟಿ ಒಡೆದರೆ ಇನ್ನೊಂದು. ಬಸವಕಲ್ಯಾಣದ ಮದುವೆಗಳಿಗೂ ಹೋದ. ಹನ್ನೆರಡನೇ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತೆಂದು ರಕ್ತ ಹರಿಯಿತು ಅನ್ನುವ ಊರು ಅದು. ಅಲ್ಲಿಯೂ ಪಂಗತಿ ಎದ್ದ ಮ್ಯಾಲೆಯೇ ಬ್ಯಾಂಡಿನವರಿಗೆ ಕರೆ. ಕೋಟು ಹೊಸದು, ಒಳಗಿನ ಜಾತಿ ಹಳೇದು.

ಡಿಗ್ರಿ ಮುಗಿಸಿ ಬಂದ ನಾನು ನಾಚಿಕೊಂಡು, "ಕಾಕಾ, ಇದನ್ನ ಬಿಡು" ಅಂದೆ.

"ಹಲಗಿ ಬಿಡಲೇನೋ, ಬಾರಿಸು ಅನ್ನೋ ಹುಕುಂ ಬಿಡಲೇನೋ?" ಅಂದ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮ್ಮ ಎದೆಯೂ ಉಬ್ಬಿತು. ಆದರೆ ಗೆಳೆಯರೇ, ದಿಲ್ಲಿಯಲ್ಲಿ ಚಪ್ಪಾಳೆ ಬಿದ್ದರೆ ನಮ್ಮೂರ ಪಂಗತಿಯಲ್ಲಿ ಜಾಗ ಸಿಗುತ್ತದೆಯೇ?

ನಾಚಿಕೆಯಿಂದ ಹಲಗಿ ಎಸೆದರೆ ಅದು ಹೊಲಸೆಂದ ಅವರ ಮಾತಿಗೆ ನಾವೇ ರುಜು ಹಾಕಿದಂತೆ. ಹೆದರಿ ಬಾರಿಸಿದರೆ ಗುಲಾಮಗಿರಿಗೆ ತಾಳ ಹಾಕಿದಂತೆ. "ಇವತ್ತು ಬಾರಿಸೂದಿಲ್ಲ" ಅಂತ ಹೇಳಿದವನು ಮರುದಿನವೂ ಊರಲ್ಲಿ ತಲೆಯೆತ್ತಿ ನಡೆಯುವಂತಿರಬೇಕು. ಆಗ ಅವನು ಬಾರಿಸಿದ್ದು ಸಂಗೀತ.

ಕಾಕಾನ ಕೈ ಈಗ ನಡುಗುತ್ತದೆ. ಹಲಗಿ ಗೋಡೆಗೆ ತೂಗುಹಾಕಿದ್ದಾನೆ. ಅದನ್ನ ಕೆಳಗಿಳಿಸೋ ದಿನ ನಾನೇ ಗೊತ್ತುಮಾಡತೀನಿ.