ಮೊದಲು ಗದ್ದಲದಿಂದ ಆಚೆಗೆ



ಕಿವಿ ಕೇಳದ, ಮಾತು ತೊದಲುವ ಒಬ್ಬನನ್ನು ಜನರು ಯೇಸುಸ್ವಾಮಿಯ ಬಳಿಗೆ ಕರೆತಂದ ಸಂಗತಿ ಸಂತ ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿದೆ. ಪ್ರಭು ಆತನನ್ನು ಕೂಡಲೇ ಗುಣಪಡಿಸಲಿಲ್ಲ. ಮೊದಲು ಜನರ ಗದ್ದಲದಿಂದ ಆಚೆಗೆ ಕರೆದೊಯ್ದರು. ಮಾತು ಕೇಳಿಸದ ಆತನ ಕಿವಿಯನ್ನೂ ನಾಲಿಗೆಯನ್ನೂ ಮುಟ್ಟಿ, ತಾವು ಮಾಡಲಿರುವುದನ್ನು ಆತನಿಗೆ ತಿಳಿಯುವಂತೆ ತೋರಿಸಿದರು. ಗುಣವಾದದ್ದು ಆಮೇಲೆ.

ಆಟಿಸಂ ಇರುವ ಮಗುವನ್ನು ಹಲ್ಲಿನ ವೈದ್ಯರಲ್ಲಿಗೆ ಕರೆದೊಯ್ಯುವ ತಾಯಿತಂದೆಯರಿಗೆ ಈ ಘಟನೆಯ ಅರ್ಥ ಬೇಗ ಆಗುತ್ತದೆ. ಕಣ್ಣಿಗೆ ಚುಚ್ಚುವ ದೀಪ, ಯಂತ್ರದ ಕೀರಲು ಸದ್ದು, ಔಷಧದ ವಾಸನೆ, ಬಾಯೊಳಗೆ ಅಪರಿಚಿತರ ಕೈ. ನಮಗೆ ಬರೀ ಕಿರಿಕಿರಿಯಾದದ್ದು ಇಂಥ ಅನೇಕ ಮಕ್ಕಳಿಗೆ ಸಹಿಸಲಾಗದ ಹಿಂಸೆ. ಹಲ್ಲುನೋವನ್ನು ಹೇಳಲು ಬಾರದ ಮಗು ಊಟ ಬಿಡಬಹುದು, ತನ್ನ ಕೈಯನ್ನೇ ಕಚ್ಚಿಕೊಳ್ಳಬಹುದು. ನಾವೋ ಅದನ್ನು ಹಟವೆಂದು ಗದರಿಸುತ್ತೇವೆ!

ದಂತವೈದ್ಯರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಹೇಳುವುದು, ತೋರಿಸುವುದು, ಆಮೇಲೆ ಮಾಡುವುದು ಎಂಬ ಕ್ರಮ 1959ರಿಂದಲೂ ಮಕ್ಕಳ ದಂತಚಿಕಿತ್ಸೆಯಲ್ಲಿ ಪ್ರಸಿದ್ಧ. ಚಿಕಿತ್ಸೆಯ ಒಂದೊಂದು ಹಂತವನ್ನೂ ಚಿತ್ರದಲ್ಲಿ ಮನೆಯಲ್ಲೇ ತೋರಿಸಿ ಮಗುವನ್ನು ಅಣಿಗೊಳಿಸಬಹುದು. ಮೊದಲ ದಿನ ಕುರ್ಚಿಯಲ್ಲಿ ಕೂತರೆ ಸಾಕು. ಮುಂದಿನ ಸಲ ಬಾಯಿ ತೆರೆದರೆ ಸಾಕು. ಪ್ರತಿಸಲವೂ ಅದೇ ವೈದ್ಯರು, ಅದೇ ಕೋಣೆ, ಕಾಯಿಸದ ಸರದಿ.

ಆದರೆ ಕರುಣೆಯೊಂದೇ ಸಾಲದು. ಅದಕ್ಕೆ ಕಲಿಕೆಯೂ ಬೇಕು. ಅಮೆರಿಕದಲ್ಲಿ ವಿಶೇಷ ಅಗತ್ಯವುಳ್ಳವರ ಚಿಕಿತ್ಸೆಯ ಅಗತ್ಯವನ್ನು ಅಳೆಯುವ ಸಾಮರ್ಥ್ಯ ದಂತವೈದ್ಯ ಪದವೀಧರರಿಗೆ ಇರಬೇಕೆಂದು 2004ರಲ್ಲಿ ನಿಯಮವಾಯಿತು. ಅಳೆದರೆ ಸಾಲದು, ಚಿಕಿತ್ಸೆಯನ್ನು ನಿರ್ವಹಿಸಲೂ ಬಲ್ಲವರಾಗಿರಬೇಕೆಂದು 2019ರಲ್ಲಿ ಅದನ್ನು ತಿದ್ದಲಾಯಿತು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಚಿಕಿತ್ಸೆಯಲ್ಲಿ ಇವರಿಗೆ ಆದ್ಯತೆ ಸಿಗಬೇಕೆಂದು ಆ ಕಾಯ್ದೆ ಹೇಳುತ್ತದೆ.

ಮನುಷ್ಯನ ಘನತೆ ಅವನ ಮಾತಿನ ಚಾತುರ್ಯದಲ್ಲಿಲ್ಲ. ಅವನು ದೇವರ ಪ್ರತಿರೂಪ ಎಂಬುದರಲ್ಲಿದೆ. ಮಾತು ಬಾರದ ಮಗುವಿನಲ್ಲೂ ಆ ರೂಪ ಕಿಂಚಿತ್ತೂ ಕುಂದಿಲ್ಲ. ಆದ್ದರಿಂದ ಕೂಗುವ ಮಗುವನ್ನು ನಾಲ್ವರು ಹಿಡಿದು ಅದುಮುವ ಮೊದಲು, ಅದಕ್ಕೆ ತಿಳಿಯುವಂತೆ ತಿಳಿಸಿದೆವೇ ಎಂದು ಕೇಳಿಕೊಳ್ಳೋಣ.

ನಿಮ್ಮ ಮನೆಯ ಮಗನೋ ಮಗಳೋ ದಂತವೈದ್ಯಕೀಯ ಓದುತ್ತಿದ್ದರೆ, ಇದನ್ನು ಕಲಿಯುವಂತೆ ಹೇಳಿರಿ. ಆಸ್ಪತ್ರೆಯ ಸರದಿಯಲ್ಲಿ ಇಂಥ ಮಗುವಿನ ತಾಯಿ ಕಂಡರೆ ನಿಮ್ಮ ಸ್ಥಳ ಬಿಟ್ಟುಕೊಡಿರಿ. ಕ್ರಿ.ಶ. 249ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿ ಹಲ್ಲು ಮುರಿಸಿಕೊಂಡು ರಕ್ತಸಾಕ್ಷಿಯಾದ ಸಂತ ಅಪೊಲೋನಿಯ ದಂತವೈದ್ಯರ ಪಾಲಕಿ. ಫೆಬ್ರವರಿ 9ರ ಆಕೆಯ ಹಬ್ಬದಂದು ಈ ಮಕ್ಕಳನ್ನೂ ಅವರನ್ನು ಮುಟ್ಟುವ ಕೈಗಳನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ.