ಶಾಖೆಯೂ ಚಂದ್ರನೂ

ಸೂರ್ಯನು ದಿನವೂ ಉದಯಿಸುತ್ತಾನೆ. ಅವನನ್ನು ನೋಡುವುದಕ್ಕೆ ಯಾರೂ ಸುಂಕ ತೆರಬೇಕಾಗಿಲ್ಲ. ಹೀಗಿರಲು, ಅವನನ್ನು ತೋರಿಸುವುದಕ್ಕೆಂದೇ ಮನುಷ್ಯನು ಮರುಭೂಮಿಯಲ್ಲೊಂದು ಕೃತಿಯನ್ನು ನಿರ್ಮಿಸುವುದು ಕಲೆಯೋ, ಅಹಂಕಾರವೋ? ಈ ಪ್ರಶ್ನೆಯು ವಿಚಾರಾರ್ಹವಾದುದು.

ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಸೇರಿದ ಯೂಟಾ ಪ್ರಾಂತದ ಮರುಭೂಮಿಯಲ್ಲಿ ನ್ಯಾನ್ಸಿ ಹೋಲ್ಟ್ ಎಂಬ ಕಲಾವಿದೆಯು 1973ರಿಂದ 1976ರ ವರೆಗೆ ಶ್ರಮಿಸಿ ‘ಸನ್ ಟನಲ್ಸ್’ ಎಂಬ ಕೃತಿಯನ್ನು ರಚಿಸಿದರು. ಅದು ಕಾಂಕ್ರೀಟಿನ ನಾಲ್ಕು ಕೊಳವೆಗಳು ಮಾತ್ರ. ಒಂದೊಂದರ ಉದ್ದವು 18 ಅಡಿ, ವ್ಯಾಸವು ಸುಮಾರು 9 ಅಡಿ. ಜೂನ್ ಮತ್ತು ಡಿಸೆಂಬರ್ ತಿಂಗಳುಗಳ ಅಯನಸಂಧಿಯ ಆಸುಪಾಸಿನ ದಿನಗಳಲ್ಲಿ ಉದಯಾಸ್ತಮಯಗಳ ಸೂರ್ಯನು ಆ ಕೊಳವೆಗಳ ಬಾಯಲ್ಲಿ ಸರಿಯಾಗಿ ಬಂದು ನಿಲ್ಲುತ್ತಾನೆ. ಕೊಳವೆಗಳ ಮೇಲ್ಭಾಗದಲ್ಲಿ ಮಕರರಾಶಿಯೇ ಮೊದಲಾದ ನಾಲ್ಕು ನಕ್ಷತ್ರಪುಂಜಗಳ ವಿನ್ಯಾಸದಲ್ಲಿ ರಂಧ್ರಗಳಿವೆ. ಹಗಲಿನ ಬಿಸಿಲು ಅವುಗಳ ಮೂಲಕ ಇಳಿದು, ಒಳಗಿನ ನೆರಳಿನಲ್ಲಿ ನಕ್ಷತ್ರಗಳನ್ನು ಬರೆಯುತ್ತದೆ.

ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ವಾಲ್ಟರ್ ಡಿ ಮರಿಯಾ ಎಂಬವರು 1977ರಲ್ಲಿ ಪೂರೈಸಿದ ‘ಲೈಟ್ನಿಂಗ್ ಫೀಲ್ಡ್’ ಇಂಥದೇ ಇನ್ನೊಂದು. ಒಂದು ಮೈಲಿ ಉದ್ದ, ಒಂದು ಕಿಲೋಮೀಟರು ಅಗಲದ ಬಯಲಿನಲ್ಲಿ 400 ಉಕ್ಕಿನ ಕಂಬಗಳು ನಿಂತಿವೆ. ಹೆಸರು ಮಿಂಚಿನದಾದರೂ ಅಲ್ಲಿ ಮಿಂಚು ಬೀಳುವುದು ವಿರಳ. ನೋಡುವವರು ಅಲ್ಲಿಯೇ ಒಂದು ರಾತ್ರಿ ತಂಗಬೇಕೆಂಬ ನಿಯಮವಿದೆ. ನಡುಹಗಲಿನಲ್ಲಿ ಕಂಬಗಳು ಬಹುಮಟ್ಟಿಗೆ ಕಾಣದಾಗುತ್ತವೆ; ಪ್ರಾತಃಸಂಧ್ಯೆಯಲ್ಲಿಯೂ ಸಾಯಂಸಂಧ್ಯೆಯಲ್ಲಿಯೂ ಜ್ವಲಿಸುತ್ತವೆ. ಮಿಂಚನ್ನೇ ಬಯಸಿ ಹೋದವನು ನಿರಾಶನಾಗಬಹುದು. ಕಾದು ಕುಳಿತವನು ಬೆಳಕನ್ನು ಕಾಣುತ್ತಾನೆ.

ಇಲ್ಲಿ ಆಕ್ಷೇಪವುಂಟು. ಬೆಳಕೂ ಬಯಲೂ ಮೊದಲೇ ಇದ್ದುವಷ್ಟೆ. ಕಲಾವಿದನು ಹೊಸದಾಗಿ ಕೊಟ್ಟುದೇನು? ಇದಕ್ಕೆ ಶಾಖಾಚಂದ್ರನ್ಯಾಯವೇ ಸಮಾಧಾನವು. ಬಿದಿಗೆಯ ಚಂದ್ರನನ್ನು ಕಾಣದ ಬಾಲಕನಿಗೆ ಹಿರಿಯರು, “ಅಗೋ, ಆ ಕೊಂಬೆಯ ತುದಿಯಲ್ಲಿ ನೋಡು” ಎನ್ನುತ್ತಾರೆ. ಕೊಂಬೆಗೂ ಚಂದ್ರನಿಗೂ ಸಂಬಂಧವಿಲ್ಲ. ಆದರೂ ಕೊಂಬೆಯಿಲ್ಲದೆ ಬಾಲಕನ ದೃಷ್ಟಿಯು ನಿಲ್ಲದು. ಕಣ್ಣಿದ್ದವರೆಲ್ಲರೂ ಕಾಣುವವರಲ್ಲ. ಅಭ್ಯಾಸವೆಂಬ ಪೊರೆಯು ನಿತ್ಯದ ವಸ್ತುವನ್ನೇ ಮೊದಲು ಮುಚ್ಚುತ್ತದೆ.

ಆದರೆ ಈ ದೃಷ್ಟಾಂತವು ಪೂರ್ತಿಯಾಗಿ ಸಲ್ಲುವುದಿಲ್ಲ. ಕೊಂಬೆಯು ತಾನಾಗಿ ಬೆಳೆದುದು. ಕೊಳವೆಯೂ ಕಂಬವೂ ಮನುಷ್ಯನು ತಂದು ನೆಟ್ಟುವು. ನೋಡುವವನು ಹಿಂದಿರುಗಿದ ಮೇಲೆಯೂ ನೆಲವು ಅವುಗಳ ಭಾರವನ್ನು ಹೊತ್ತಿರುತ್ತದೆ. ಆದುದರಿಂದ ಇಂಥ ಕೃತಿಯನ್ನು ರಚಿಸುವವನು ನೆಲಕ್ಕೂ ಬೆಳಕಿಗೂ ಋಣಿಯಾಗುತ್ತಾನೆ. ಕೊಂಬೆಯು ತನ್ನ ಎಲೆಗಳನ್ನೇ ಮೆರೆಸಿ ಚಂದ್ರನನ್ನು ಮರೆಮಾಡಿದರೆ ಆ ಋಣವು ಬೆಳೆಯುವುದು. ತೋರಿಸಿ ತಾನು ಮರೆಯಾದರೆ ತೀರುವುದು.

ಹಾಗಾದರೆ ತೀರಿತೆಂದು ತಿಳಿಯುವುದೆಂತು? ಪರೀಕ್ಷೆಯು ಆ ಮರುಭೂಮಿಯಲ್ಲಿಲ್ಲ. ಅಲ್ಲಿಂದ ಮನೆಗೆ ಮರಳಿದವನು ಮರುದಿನ ಮುಂಜಾನೆ ತನ್ನ ಹೊಸ್ತಿಲಲ್ಲಿ ಕ್ಷಣಕಾಲ ನಿಂತು, ದಿನವೂ ಬರುವ ಸೂರ್ಯನನ್ನು ಅಂದು ಕಂಡನಾದರೆ, ಕೃತಿಯು ಸಾರ್ಥಕವಾಯಿತು. ಕಾಣದಿದ್ದರೆ ಅವನು ನೋಡಿಬಂದುದು ಕೊಂಬೆಯನ್ನೇ ಹೊರತು ಚಂದ್ರನನ್ನಲ್ಲ.